ಮಂಗ ಮುಟ್ಟದೇ ಮೂರು ತಿಂಗಳು: ಆಶ್ರಯಧಾಮದಲ್ಲಿ ಇದ್ದು ಕೆಲಸ ಕಲಿಯುವವರಿಗೆ

ಗಂಗಾವತಿಯವರಿಗೆ ಮಂಗ ಹೊಸದಲ್ಲ. ಅಂಜನಾದ್ರಿಯ 575 ಮೆಟ್ಟಿಲು ಹತ್ತುವಾಗ ಕೈಯಲ್ಲಿದ್ದ ಬಾಳೆಹಣ್ಣು ಎಷ್ಟನೇ ಮೆಟ್ಟಿಲಲ್ಲಿ ಹೋಯಿತು ಅಂತ ಲೆಕ್ಕ ಹಾಕೋದೇ ಚಿಕ್ಕಂದಿನಲ್ಲಿ ನಮಗೊಂದು ಆಟ. ಆನೆಗೊಂದಿಯ ಬಂಡೆಗಳ ಮೇಲೂ ಅವೇ, ಹೊಳೆ ದಾಟಿದರೆ ಹಂಪಿಯಲ್ಲೂ ಅವೇ. ಕಿಷ್ಕಿಂಧೆ ಅಂತ ಸುಮ್ನೆ ಕರೆದಿಲ್ಲ. ಹಾಗಾಗಿ, ಮೂರು ತಿಂಗಳು ಮನೆ ಬಿಟ್ಟು ಮಂಗಗಳ ಆಶ್ರಯಧಾಮದಲ್ಲಿ ಇಂಟರ್ನ್ ಆಗಿ ಇರುತ್ತೇನೆ ಅಂದಾಗ ಅವ್ವ ನಕ್ಕಳು. "ಮಂಗ್ಯಾ ನೋಡಾಕ ಅಷ್ಟು ದೂರ ಹೋಗ್ಬೇಕೇನು? ಮಾಳಗಿ ಹತ್ತು, ಹಿಂಡಗಟ್ಲೆ ಕುಂತಾವ."

ಹೋಗಿ ಬಂದ ಮೇಲೆ ನಮ್ಮ ಕಡೆಯ ಹುಡುಗ ಹುಡುಗಿಯರು ಕೇಳುತ್ತಲೇ ಇರುತ್ತಾರೆ. ಹೇಗೆ ಸೇರೋದು, ಖರ್ಚೆಷ್ಟು, ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸೋಕೆ ಬಿಡ್ತಾರಾ? ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಬಿಡೋದಿಲ್ಲ. ಮೂರು ತಿಂಗಳಲ್ಲಿ ನಾನು ಒಂದು ಮಂಗವನ್ನೂ ಮುಟ್ಟಲಿಲ್ಲ. ತರಕಾರಿ ಹೆಚ್ಚಿದೆ, ಹೇಲು ಬಳಿದೆ, ಬೀಗ ಹಾಕಿದೆ, ರಿಜಿಸ್ಟರ್ ಬರೆದೆ. ಇದನ್ನು ಕೇಳಿ ಬೇಜಾರಾದರೆ ಈ ಕೆಲಸ ನಿಮಗಲ್ಲ. ಬೇಜಾರಾಗದಿದ್ದರೆ ಮುಂದೆ ಓದಿ.

ಮೊದಲು ಜಾಗ ನೋಡಿ

ಆಶ್ರಯಧಾಮ ಅಂತ ಬೋರ್ಡ್ ಹಾಕಿಕೊಂಡದ್ದೆಲ್ಲ ಆಶ್ರಯಧಾಮ ಅಲ್ಲ. ನನ್ನ ಮೊದಲ ಪರೀಕ್ಷೆ ಫೋಟೋ. ಅವರ ಜಾಹೀರಾತಿನಲ್ಲಿ ಮರಿಮಂಗ ಹೆಗಲ ಮೇಲೆ ಕೂತು, ವಾಲಂಟಿಯರ್ ಹಲ್ಲು ಬಿಟ್ಟು ನಗುತ್ತಿದ್ದರೆ ಆ ಪುಟ ಅಲ್ಲೇ ಮುಚ್ಚಿ. ಒಳ್ಳೆಯ ಕೇಂದ್ರದ ಫೋಟೋಗಳು ನೋಡೋಕೆ ಸಪ್ಪೆ. ಜಾಲರಿ, ಹಗ್ಗ, ಬಕೆಟ್, ದೂರದಲ್ಲಿ ಬೆನ್ನು ತಿರುಗಿಸಿ ಕೂತ ಮಂಗ.

ಆಮೇಲೆ ಮೇಲ್ ಬರೆದು ನೇರವಾಗಿ ಕೇಳಿ. ಇಲ್ಲಿ ಮರಿ ಮಾಡಿಸ್ತೀರಾ? ಮಾರಾಟ ಇದೆಯಾ? ಬಂದವರಿಗೆ ಮುಟ್ಟೋಕೆ ಬಿಡ್ತೀರಾ? ಮೂರಕ್ಕೂ ಇಲ್ಲ ಅನ್ನಬೇಕು. ವೈದ್ಯರು ಯಾರು, ವಾರಕ್ಕೆ ಎಷ್ಟು ದಿನ ಬರುತ್ತಾರೆ ಅನ್ನೋದಕ್ಕೆ ಸ್ಪಷ್ಟ ಉತ್ತರ ಬರಬೇಕು. ನಮ್ಮ ದೇಶದಲ್ಲಾದರೆ ಇನ್ನೊಂದು ಮಾತು: ರಕ್ಷಣಾ ಕೇಂದ್ರಕ್ಕೆ ಕೇಂದ್ರೀಯ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಇದೆಯಾ, ಅರಣ್ಯ ಇಲಾಖೆಯ ಅನುಮತಿ ಇದೆಯಾ ಕೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ "ಪ್ರೀತಿಯಿಂದ ಸಾಕ್ತಿದ್ದೀವಿ" ಅನ್ನೋದು ಅನುಮತಿ ಆಗಲ್ಲ.

ವಿದೇಶಕ್ಕೆ ಹೋಗುವ ಆಸೆ ಇದ್ದರೆ ದಕ್ಷಿಣ ಆಫ್ರಿಕಾದ ವರ್ವೆಟ್ ಮಂಕಿ ಫೌಂಡೇಶನ್, ಅಮೆರಿಕದ ಫ್ಲಾರಿಡಾದಲ್ಲಿರುವ ಜಂಗಲ್ ಫ್ರೆಂಡ್ಸ್ ಥರದ ಕಡೆ ವಿಚಾರಿಸಬಹುದು. ಅಲ್ಲಿನ ಮಂಗಗಳ ಕತೆ ಬೇರೆ. ಜಂಗಲ್ ಫ್ರೆಂಡ್ಸ್‌ನಲ್ಲಿ ಪ್ರಯೋಗಾಲಯದಿಂದ ಬಂದವು ಇವೆ, ಮನೆಯಲ್ಲಿ ಸಾಕಿ ಬೇಡವಾದವು ಇವೆ. ನಮ್ಮಲ್ಲಿ ಬರೋದು ಕರೆಂಟ್ ತಂತಿ ತಗುಲಿದವು, ಬಸ್ಸು ಲಾರಿಗೆ ಸಿಕ್ಕವು, ನಾಯಿ ಹಿಡಿದ ಮರಿಗಳು, ಸರಪಳಿಯಲ್ಲಿ ಬೆಳೆದವು. ನಾವು ಚಿಕ್ಕವರಿದ್ದಾಗ ಸಂತೆಯಲ್ಲಿ ಕೋತಿ ಆಡಿಸುವವರು ಬರುತ್ತಿದ್ದರು. 1998ರಲ್ಲೇ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹ ಆಡಿಸೋದನ್ನು ನಿಷೇಧಿಸಿತ್ತು ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಅರ್ಜಿಯಲ್ಲಿ ಸಗಣಿ ಬಗ್ಗೆ ಬರೆಯಿರಿ

"ನನಗೆ ಪ್ರಾಣಿ ಅಂದ್ರೆ ಪ್ರಾಣ" ಅಂತ ಬರೆಯಬೇಡಿ. ಎಲ್ಲರೂ ಅದನ್ನೇ ಬರೆಯುತ್ತಾರೆ. ಬೆಳಗ್ಗೆ ಐದಕ್ಕೆ ಎದ್ದು ದನದ ಕೊಟ್ಟಿಗೆ ಬಳಿದಿದ್ದೀರಾ? ಅದನ್ನು ಬರೆಯಿರಿ. 25 ಕೆಜಿ ಅಕ್ಕಿ ಚೀಲ ಹೆಗಲ ಮೇಲೆ ಹಾಕಿಕೊಂಡು ಮಾಳಿಗೆ ಹತ್ತಿದ್ದೀರಾ? ಅದನ್ನೂ ಬರೆಯಿರಿ. ಭತ್ತದ ಸುಗ್ಗಿಯಲ್ಲಿ ಕೆಲಸ ಮಾಡಿದವರಿಗೆ ಈ ಇಂಟರ್ನ್‌ಶಿಪ್ ಕಷ್ಟ ಅಲ್ಲ, ನಿಜವಾಗಿ. ಜೀವಶಾಸ್ತ್ರದ ಡಿಗ್ರಿ ಇದ್ದರೆ ಒಳ್ಳೆಯದು, ಆದರೆ ನನ್ನ ಜೊತೆ ಇದ್ದವರಲ್ಲಿ ಬಿ.ಕಾಂ. ಓದಿದ ಹುಡುಗ ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡಿದ. ಅವನ ರಿಜಿಸ್ಟರ್ ನೋಡಬೇಕಿತ್ತು, ಲೆಡ್ಜರ್ ಥರ!

ಫೋನಿನಲ್ಲಿ ಮಾತಾಡಿಸುತ್ತಾರೆ. ನನಗೆ ಕೇಳಿದ ಮೊದಲ ಪ್ರಶ್ನೆ: "ಮಳೆಯಲ್ಲಿ ಎರಡು ಗಂಟೆ ನೆಲ ತಿಕ್ಕೋಕೆ ಆಗುತ್ತಾ?" ಮಳೆ ಅಂದರೆ ನಮಗೆ ಹಬ್ಬ ಅಂದೆ. ಅವರು ನಗಲಿಲ್ಲ.

ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು. ವಾರ ಹದಿನೈದು ದಿನಕ್ಕೆ ತೆಗೆದುಕೊಳ್ಳುವ ಕಡೆ ಹೋಗದಿರೋದೇ ವಾಸಿ. ಕೆಲಸ ಕಲಿಯೋಕೇ ಎರಡು ವಾರ ಬೇಕು. ದಿನಾ ಹೊಸ ಮುಖ ಬಂದರೆ ಮಂಗಗಳೂ ಕೆರಳುತ್ತವೆ. ಸಂಬಳ ಇರೋದು ಅಪರೂಪ. ಊಟ, ರೂಮ್ ಕೊಡುತ್ತಾರೆ. ಕೆಲವು ಕಡೆ ಅದಕ್ಕೂ ನೀವೇ ದುಡ್ಡು ಕಟ್ಟಬೇಕು. ಎಷ್ಟು, ಯಾವುದಕ್ಕೆ, ಮಧ್ಯದಲ್ಲಿ ಬಿಟ್ಟರೆ ವಾಪಸ್ ಬರುತ್ತಾ ಅಂತ ಬರವಣಿಗೆಯಲ್ಲೇ ತಗೊಳ್ಳಿ. ವಿದೇಶವಾದರೆ ಪ್ರವಾಸಿ ವೀಸಾದಲ್ಲಿ ಇಂಥ ಕೆಲಸ ಮಾಡಬಹುದಾ ಅಂತ ಆ ದೇಶದ ವೀಸಾ ಕಚೇರಿಯಿಂದಲೇ ಖಚಿತ ಮಾಡಿಕೊಳ್ಳಿ. ಏಜೆಂಟ್ ಮಾತು ಸಾಕಾಗಲ್ಲ.

ಸೂಜಿಯ ಕೆಲಸ ಒಂದೂವರೆ ತಿಂಗಳು ಮುಂಚೆ

ಇದನ್ನು ಕೊನೆಗೆ ಇಟ್ಟುಕೊಂಡು ಒದ್ದಾಡಿದವರು ಜಾಸ್ತಿ. ರೇಬೀಸ್ ಲಸಿಕೆಯನ್ನು ಕಚ್ಚುವ ಮೊದಲೇ ಹಾಕಿಸಿಕೊಳ್ಳಬೇಕು. ನಮ್ಮ ದೇಶದ ಪದ್ಧತಿಯಲ್ಲಿ ಮೂರು ಡೋಸ್: ಮೊದಲ ದಿನ, 7ನೇ ದಿನ, ಮತ್ತೆ 21 ಅಥವಾ 28ನೇ ದಿನ. ಅಂದರೆ ಕಡಿಮೆ ಅಂದರೂ ಮೂರು ವಾರ. ಆಸ್ಪತ್ರೆಗೆ ಹೋಗುವಾಗ ಕೇಂದ್ರದವರು ಕೊಟ್ಟ ಪತ್ರ ಒಯ್ಯಿರಿ. ನಾನು ಒಯ್ಯದೇ ಹೋಗಿದ್ದೆ. ನರ್ಸ್ ಕೇಳಿದರು, "ನಾಯಿ ಎಲ್ಲಿ ಕಚ್ಚೇತಿ?" "ಇನ್ನೂ ಕಚ್ಚಿಲ್ರೀ ಮೇಡಂ, ಮಂಗ ಕಚ್ಚಬಹುದು, ಅದಕ್ಕ." ಅವರು ಒಂದು ನಿಮಿಷ ನನ್ನನ್ನೇ ನೋಡಿ, ಒಳಗಿದ್ದವರನ್ನೂ ಕರೆದರು.

ಟಿಟಿ ಇಂಜೆಕ್ಷನ್ ಹಳೆಯದಾಗಿದ್ದರೆ ಅದನ್ನೂ ಹಾಕಿಸಿ. ಕ್ಷಯದ ಪರೀಕ್ಷೆ ಕೇಳುತ್ತಾರೆ. ಇದು ನಿಮ್ಮ ಒಳ್ಳೆಯದಕ್ಕಿಂತ ಮಂಗದ ಒಳ್ಳೆಯದಕ್ಕೆ. ಟಿಬಿ ನಮ್ಮಿಂದ ಅವಕ್ಕೆ ಹರಡುತ್ತದೆ. ನೆಗಡಿ, ದಡಾರವೂ ಅಷ್ಟೇ. ತುಟಿಯ ಮೇಲೆ ಜ್ವರದ ಗುಳ್ಳೆ ಎದ್ದಿದ್ದರೆ ಮುಚ್ಚಿಡದೆ ಹೇಳಿ. ನಮಗೆ ನಾಲ್ಕು ದಿನದ ಉರಿ ಅಷ್ಟೇ, ಆದರೆ ದಕ್ಷಿಣ ಅಮೆರಿಕದ ಮಾರ್ಮೊಸೆಟ್‌ನಂಥ ಪುಟ್ಟ ಮಂಗಗಳಿಗೆ ಅದೇ ವೈರಸ್ ಸಾವು ತರುತ್ತದೆ.

ಅತ್ತ ಕಡೆಯಿಂದ ಬರುವುದೂ ಇದೆ. ನಮ್ಮ ಕೆಂಪು ಮುಖದ ಕೋತಿಯ ಜಾತಿಯವು, ಅಂದರೆ ಮಕಾಕ್‌ಗಳು, ಬಿ ವೈರಸ್ ಎಂಬ ಹರ್ಪಿಸ್ ವೈರಸ್ ಹೊತ್ತಿರಬಹುದು. ಅವಕ್ಕೆ ಅದರಿಂದ ದೊಡ್ಡ ತೊಂದರೆ ಇಲ್ಲ. ಮನುಷ್ಯರಿಗೆ ತಗುಲೋದು ತೀರಾ ಅಪರೂಪ, ತಗುಲಿದರೆ ಮಾತ್ರ ಮಿದುಳಿಗೇ ಹೋಗಬಹುದು. ಕನ್ನಡಕ, ಮಾಸ್ಕ್ ಹಾಕಿ ಅಂತ ಅವರು ಪೀಡಿಸೋದು ಇದಕ್ಕೇ.

ನಮ್ಮ ಮನೆಯಲ್ಲಿ ಎಲ್ಲರ ಚಿಂತೆ ಬೇರೆ ಇತ್ತು: "ಮಂಗನ ಕಾಯಿಲೆ ಬಂದ್ರ?" 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಕಡೆ ಕಂಡ ಕಾಯಿಲೆ ಅದು. ಹರಡೋದು ಉಣುಗಿನಿಂದ, ಮಂಗದ ಹೇಲು ಉಚ್ಚೆಯಿಂದ ಅಲ್ಲ. ಮಂಗವೂ ಅದರಿಂದ ಸಾಯುತ್ತದೆ ಪಾಪ, ಹೆಸರು ಮಾತ್ರ ಅದರ ತಲೆಗೆ ಕಟ್ಟಿದ್ದಾರೆ.

ಚೀಲದಲ್ಲಿ

ಮೊಣಕಾಲವರೆಗಿನ ಗಮ್‌ಬೂಟ್, ಹಳೆಯ ಪ್ಯಾಂಟ್ ನಾಲ್ಕು, ಉದ್ದ ತೋಳಿನ ಶರ್ಟ್, ರೇನ್‌ಕೋಟ್, ತಲೆಗೆ ಕಟ್ಟುವ ಬ್ಯಾಟರಿ. ಕಿವಿಯೋಲೆ, ಬಳೆ, ದುಪಟ್ಟಾ, ಉದ್ದ ಜಡೆ ಇವೆಲ್ಲ ಜಾಲರಿಯ ಹತ್ತಿರ ಬೇಡ. ಒಳಗಿನ ಕೈ ನಿಮಗಿಂತ ಚುರುಕು. ಶೇಂಗಾ ಚಟ್ನಿಪುಡಿ ಒಂದು ಡಬ್ಬಿ ಇಟ್ಟುಕೊಳ್ಳಿ. ಇಂಥ ಕೆಲವು ಕಡೆ ಹಾಲು, ಮೊಸರು, ಮೊಟ್ಟೆ ಯಾವುದೂ ಇರಲ್ಲ. ಮೊಸರಿಲ್ಲದ ಅನ್ನಕ್ಕೆ ಆ ಡಬ್ಬಿಯೇ ಗತಿ.

ದಿನ ಹೇಗಿರುತ್ತದೆ

ಆರೂವರೆಗೆ ತಲೆ ಎಣಿಕೆ. ಇದೇ ಎಲ್ಲಕ್ಕಿಂತ ಮುಖ್ಯ. ಒಂದೊಂದು ಆವರಣದ ಮುಂದೆ ನಿಂತು ಎಲ್ಲ ಇವೆಯಾ, ಯಾವುದಾದರೂ ಕುಂಟುತ್ತಿದೆಯಾ, ಮೂಲೆಯಲ್ಲಿ ಒಂದೇ ಕೂತಿದೆಯಾ ನೋಡಬೇಕು. ಕಾಯಿಲೆಯನ್ನು ಮಂಗ ಮುಚ್ಚಿಡುತ್ತದೆ. ಗುಂಪಿನಲ್ಲಿ ದುರ್ಬಲ ಅಂತ ಗೊತ್ತಾದರೆ ಅದರ ಕತೆ ಮುಗೀತು. ಹಾಗಾಗಿ ಅದು ತೋರಿಸಿಕೊಳ್ಳುವಷ್ಟರಲ್ಲಿ ತಡವಾಗಿರುತ್ತದೆ. ನಿಮ್ಮ ಕಣ್ಣು ಅದಕ್ಕಿಂತ ಮೊದಲೇ ಕಾಣಬೇಕು.

ಆಮೇಲೆ ಅಡುಗೆಮನೆ. ಹೀರೇಕಾಯಿ, ಸೌತೆಕಾಯಿ, ಬೀನ್ಸ್, ಕುಂಬಳ, ಸೊಪ್ಪು, ನೆನೆಸಿದ ಕಡಲೆ. ಹಣ್ಣು ಸ್ವಲ್ಪವೇ. ನನಗೆ ಇದು ಅರಗಲಿಲ್ಲ. ಮಂಗಕ್ಕೆ ಬಾಳೆಹಣ್ಣು ಕೊಡದೆ ಇನ್ನೇನು ಕೊಡೋದು? ನಾವು ಬೆಳೆಯುವ ಹಣ್ಣು ಕಾಡುಹಣ್ಣಿಗಿಂತ ಎಷ್ಟೋ ಸಿಹಿ, ನಾರು ಕಡಿಮೆ. ದಿನಾ ಅದೇ ತಿಂದರೆ ಹಲ್ಲು ಹುಳುಕು, ಬೊಜ್ಜು, ಸಕ್ಕರೆ ಕಾಯಿಲೆ. ಬಿಸ್ಕತ್ತು, ಚಿಪ್ಸ್ ಬಗ್ಗೆ ಹೇಳೋದೇ ಬೇಡ. ಮುಸುವ, ನಮ್ಮ ಕಡೆ ಮುಸ್ಯಾ ಅಂತೀವಲ್ಲ, ಅದರದ್ದು ಇನ್ನೂ ಬೇರೆ. ಅದರ ಹೊಟ್ಟೆಯಲ್ಲಿ ದನದ ಹಾಗೆ ಭಾಗಗಳಿವೆ, ಎಲೆ ಅಲ್ಲಿ ಹುದುಗಿ ಅರಗುತ್ತದೆ. ಸಿಹಿ ಹೆಚ್ಚಾದರೆ ಹೊಟ್ಟೆ ಕೆಡುತ್ತದೆ. ಅದಕ್ಕೆ ಹುಣಸೆ, ಅರಳಿ, ಆಲದ ಸೊಪ್ಪು ಕಡಿದು ತರಬೇಕು. ಬೇಸಿಗೆಯಲ್ಲಿ ಸೊಪ್ಪು ಹುಡುಕೋದೇ ಅರ್ಧ ದಿನದ ಕೆಲಸ.

ಬಟ್ಟಲಲ್ಲಿ ಹಾಕಿಕೊಟ್ಟರೆ ಹತ್ತು ನಿಮಿಷದಲ್ಲಿ ಊಟ ಮುಗಿದು, ಉಳಿದ ಹೊತ್ತೆಲ್ಲ ಜಗಳ. ಅದಕ್ಕೇ ಚೆಲ್ಲುತ್ತಾರೆ. ಒಣಹುಲ್ಲಿನಲ್ಲಿ ಕಾಳು, ಬಿದಿರಿನ ಕೊಳವೆಯಲ್ಲಿ ಶೇಂಗಾ, ಗೋಣಿಚೀಲದ ಗಂಟಿನೊಳಗೆ ಸೊಪ್ಪು. ಏಪ್ರಿಲ್‌ನಲ್ಲಿ ಮಂಜುಗಡ್ಡೆಯೊಳಗೆ ಸೌತೆಕಾಯಿ. ಕಾಡಿನಲ್ಲಿ ಅವಕ್ಕೆ ದಿನದ ದೊಡ್ಡ ಪಾಲು ಹುಡುಕಾಟದಲ್ಲೇ ಹೋಗುತ್ತದೆ, ಇಲ್ಲೂ ಹಾಗೇ ಹೋಗಬೇಕು. ಇಂಥ ಗಂಟು ಕಟ್ಟೋದು ನನಗೆ ತುಂಬ ಇಷ್ಟವಾದ ಕೆಲಸ. ಅರ್ಧ ತಾಸು ಕೂತು ಕಟ್ಟಿದ್ದನ್ನು ಎರಡು ನಿಮಿಷದಲ್ಲಿ ಬಿಚ್ಚಿದಾಗ ಬರುವ ಸಿಟ್ಟೂ ಇಷ್ಟ.

ಶುಚಿ ಮಾಡುವುದಕ್ಕೆ ಒಂದು ಕ್ರಮ ಇದೆ. ಮೊದಲು ಮಂಗಗಳನ್ನು ಪಕ್ಕದ ಆವರಣಕ್ಕೆ ಸರಿಸಿ, ಮಧ್ಯದ ಜಾರುಬಾಗಿಲು ಹಾಕಿ, ಬೀಗ ಎಳೆದು ನೋಡಿ, ಮತ್ತೊಮ್ಮೆ ತಲೆ ಎಣಿಸಿ. ಆಮೇಲೆ ಒಳಗೆ ಹೋಗಬೇಕು. ಕಸ ಬಳಿದು, ನೀರು ಹಾಕಿ ಚೆನ್ನಾಗಿ ತೊಳೆದ ಮೇಲೆ ಬ್ಲೀಚಿಂಗ್ ನೀರು. ಉಚ್ಚೆಯ ಮೇಲೆ ನೇರವಾಗಿ ಬ್ಲೀಚ್ ಸುರಿಯಬೇಡಿ. ಉಚ್ಚೆಯ ಅಮೋನಿಯಾ ಜೊತೆ ಸೇರಿ ಕಣ್ಣು, ಗಂಟಲು ಸುಡುವ ಗಾಳಿ ಏಳುತ್ತದೆ. ಹೇಲು ಮೆತ್ತಿದ ನೆಲದಲ್ಲಿ ಬ್ಲೀಚ್ ಕೆಲಸವೂ ಮಾಡಲ್ಲ. ಹತ್ತು ನಿಮಿಷ ಬಿಟ್ಟು, ಮತ್ತೆ ನೀರು, ಆಮೇಲೆ ವೈಪರ್. ನೆಲ ಒಣಗೋವರೆಗೆ ಮಂಗ ಬಿಡೋ ಹಾಗಿಲ್ಲ.

ಬಾಗಿಲು ಎರಡಿರುತ್ತವೆ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಒಂದು ಮುಚ್ಚದೆ ಇನ್ನೊಂದು ತೆಗೆಯಬಾರದು. ಬೀಗ ಹಾಕಿ, ಜಗ್ಗಿ, "ಹಾಕಿದೆ" ಅಂತ ಬಾಯಿಬಿಟ್ಟು ಹೇಳಬೇಕು. ಮೊದಲ ವಾರ ನಾಚಿಕೆ ಆಗುತ್ತದೆ, ಒಬ್ಬರೇ ನಿಂತು ಬೀಗದ ಜೊತೆ ಮಾತಾಡೋಕೆ. ನಾಲ್ಕನೇ ವಾರ ರೂಮಿನ ಬಾಗಿಲಿಗೂ ಹೇಳುತ್ತಿದ್ದೆ.

ಸಂಜೆ ರಿಜಿಸ್ಟರ್. ಯಾರು ಏನು ತಿಂದರು, ಏನು ಬಿಟ್ಟರು, ಹೇಲು ಗಟ್ಟಿಯೋ ತೆಳುವೋ. ಒಂದು ಎಚ್ಚರ: ಕೋತಿಗೆ ಕೆನ್ನೆಯೊಳಗೆ ಚೀಲ ಇದೆ. ತಗೊಂಡಿದ್ದೆಲ್ಲ ತಿಂದಿದ್ದು ಅಲ್ಲ. ತುಂಬಿಕೊಂಡು ಮೂಲೆಗೆ ಹೋಗಿ ಉಗಿಯೋದೂ ಉಂಟು. ಅಗಿದು ನುಂಗಿದ್ದನ್ನು ಕಂಡರೆ ಮಾತ್ರ "ತಿಂದಿದೆ" ಅಂತ ಬರೆಯಿರಿ.

ಕೈ ಹಿಂದೆ ಕಟ್ಟಿಕೊಳ್ಳೋದು

ನಮ್ಮ ಕಡೆಯವರಿಗೆ ಇದೇ ಕಷ್ಟ. ಹುಟ್ಟಿದಾಗಿನಿಂದ ಕೈಚಾಚಿ ಕೊಟ್ಟು ಅಭ್ಯಾಸ. ಹನುಮಪ್ಪನಿಗೆ ಕೊಟ್ಟ ಹಾಗೆ.

ನಾಲ್ಕನೇ ಆವರಣದಲ್ಲಿ ಒಂದು ಹೆಣ್ಣು ಕೋತಿ ಇತ್ತು. ಅರ್ಧ ಬಾಲ ಇಲ್ಲ. ಸೊಂಟದ ಸುತ್ತ ಹಗ್ಗ ಕಟ್ಟಿದ್ದ ಜಾಗದಲ್ಲಿ ಬೆರಳಗಲದ ಪಟ್ಟಿ, ಅಲ್ಲಿ ಕೂದಲು ಮತ್ತೆ ಬರಲೇ ಇಲ್ಲ. ಮೊಂಡಬಾಲ ಅಂತ ಕರೆಯುತ್ತಿದ್ದರು. ಗುಂಪಿನಲ್ಲಿ ಎಲ್ಲರಿಗಿಂತ ಕೆಳಗೆ. ಊಟ ಚೆಲ್ಲಿದಾಗ ಎಲ್ಲರೂ ಆರಿಸಿಕೊಂಡು ಹೋದ ಮೇಲೆ ಬರುತ್ತಿತ್ತು. ನನಗೆ ಹೊಟ್ಟೆ ಉರಿಯಿತು. ಎರಡನೇ ವಾರ, ಯಾರೂ ಇಲ್ಲದಾಗ, ಜಾಲರಿಯ ಸಂದಿಯಿಂದ ಒಂದು ತುಂಡು ಸಿಹಿಗೆಣಸು ಚಾಚಿದೆ. ತಗೊಂಡಿತು. ಅಷ್ಟೇ, ಮೇಲಿನ ಹಲಗೆಯಿಂದ ದೊಡ್ಡವಳು ಇಳಿದಳು. ಗೆಣಸು ಕಿತ್ತುಕೊಂಡು ಬಿಟ್ಟಿದ್ದರೆ ಆಗಿತ್ತು. ಕಿವಿ ಕಚ್ಚಿದಳು, ಅವಳ ಮಗಳೂ ಬಂದು ಸೇರಿಕೊಂಡಳು. ಕೋತಿಗಳಲ್ಲಿ ತಾಯಿಯ ಅಂತಸ್ತು ಮಗಳಿಗೆ ಬರುತ್ತದೆ. ಒಬ್ಬಳ ಜೊತೆ ಜಗಳ ಅಂದರೆ ಇಡೀ ಮನೆತನದ ಜೊತೆ ಜಗಳ.

ಹಿರಿಯ ಕೀಪರ್ ಬಂದು ನೋಡಿದರು. ಬೈಯಲಿಲ್ಲ. ರಿಜಿಸ್ಟರ್ ಕೈಗೆ ಕೊಟ್ಟು, "ಏನಾಯ್ತೋ ಹಾಗೇ ಬರಿ" ಅಂದರು. ನನ್ನ ಕೈಬರಹದಲ್ಲೇ ಆ ಸಾಲು ಇದೆ: "ಸಂಜೆ 4.10, ಇಂಟರ್ನ್ ಕೈಯಿಂದ ಗೆಣಸು ಕೊಟ್ಟ ಕಾರಣ ಬಲಗಿವಿಗೆ ಗಾಯ." ಆಮೇಲೆ ಅವರು ಊಟವನ್ನು ಆರು ಕಡೆ ಬದಲು ಹತ್ತು ಕಡೆ ಚೆಲ್ಲೋಕೆ ಹೇಳಿದರು. ಮೊಂಡಬಾಲಕ್ಕೆ ಒಂದು ಮೂಲೆ ಸಿಕ್ಕಿತು. ಅದಕ್ಕೆ ಬೇಕಿದ್ದದ್ದು ಆ ಮೂಲೆ, ನನ್ನ ಕೈ ಅಲ್ಲ.

ಮೈಭಾಷೆ ಕಲಿಯೋಕೆ ಹೊತ್ತು ಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಅದು ಸವಾಲು. ಬಾಯಿ ತೆರೆದು ದಿಟ್ಟಿಸಿದರೆ ಬೆದರಿಕೆ. ಸದ್ದಿಲ್ಲದೆ ಹಲ್ಲು ಕಿರಿದರೆ ನಗು ಅಲ್ಲ, ಹೆದರಿಕೆ. ಫೋಟೋದಲ್ಲಿ "ನೋಡು, ನಗ್ತಾ ಇದೆ" ಅಂತ ಜನ ತೋರಿಸುವ ಮಂಗ ಬಹಳ ಸಲ ಭಯದಲ್ಲಿ ಇರುತ್ತದೆ. ತುಟಿ ಪಟಪಟ ಬಡಿದರೆ ಸ್ನೇಹ. ದೊಡ್ಡ ಗಂಡು ಸುಮ್ಮನೆ ಆಕಳಿಸಿದರೆ ನಿದ್ದೆ ಅಂದುಕೊಳ್ಳಬೇಡಿ, ಕೋರೆಹಲ್ಲು ತೋರಿಸುತ್ತಿದೆ. ನೀವು ಪಕ್ಕಕ್ಕೆ ತಿರುಗಿ, ನೆಲ ನೋಡುತ್ತಾ, ನಿಧಾನ ನಡೆಯಿರಿ.

ಮರಿಗಳನ್ನು ನೋಡಿಕೊಳ್ಳೋಕೆ ಬೇರೆಯೇ ಜನ ಇರುತ್ತಾರೆ, ಕಡಿಮೆ ಜನ. ಅನಾಥ ಮರಿಗೆ ತಬ್ಬಿಕೊಳ್ಳೋಕೆ ಬಟ್ಟೆಯ ಗೊಂಬೆ ಕೊಡುತ್ತಾರೆ. ಆದಷ್ಟು ಬೇಗ ಗುಂಪಿನ ಹೆಣ್ಣೊಂದರ ಹತ್ತಿರ, ಮಧ್ಯೆ ಜಾಲರಿ ಇಟ್ಟು, ಪರಿಚಯ ಮಾಡಿಸುತ್ತಾರೆ. ಮನುಷ್ಯರನ್ನು ಅಂಟಿಕೊಂಡು ಬೆಳೆದ ಮರಿ ದೊಡ್ಡದಾದ ಮೇಲೆ ಕಾಡಿಗೂ ಸಲ್ಲದು, ಗುಂಪಿಗೂ ಸಲ್ಲದು.

ಕಚ್ಚಿದರೆ, ಪರಚಿದರೆ

ಹೇಳಿ. ಬೈಸಿಕೊಳ್ಳಬೇಕಾದೀತು ಅಂತ ತೋಳು ಇಳಿಸಿ ಮುಚ್ಚಿಕೊಳ್ಳಬೇಡಿ. ಹರಿಯುವ ನೀರು, ಸೋಪು, ಗಡಿಯಾರ ನೋಡಿ ಪೂರ್ತಿ 15 ನಿಮಿಷ ತೊಳೆಯಿರಿ. 15 ನಿಮಿಷ ಅಂದರೆ ಎಷ್ಟು ಉದ್ದ ಅಂತ ತೊಳೆದಾಗಲೇ ಗೊತ್ತಾಗೋದು. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ. ಆಸ್ಪತ್ರೆಯಲ್ಲಿ "ಮಂಗ" ಅಂತ ಬಿಡಿಸಿ ಹೇಳಿ, ಲಸಿಕೆ ಕಾರ್ಡ್ ತೋರಿಸಿ. ಮೊದಲೇ ಮೂರು ಡೋಸ್ ಆಗಿದ್ದರೆ ಅದೇ ದಿನ ಒಂದು, 3ನೇ ದಿನ ಒಂದು ಸಾಕಾಗುತ್ತದೆ, ಗಾಯಕ್ಕೆ ರೇಬೀಸ್ ತಡೆಯುವ ಸೀರಂ ಚುಚ್ಚೋದು ತಪ್ಪುತ್ತದೆ. ಮುಂದಿನ ಕೆಲವು ವಾರ ಜ್ವರ, ತಲೆನೋವು, ಗಾಯದ ಹತ್ತಿರ ಗುಳ್ಳೆ ಅಥವಾ ಜೋಮು ಬಂದರೆ ಕಾಯದೆ ವೈದ್ಯರ ಹತ್ತಿರ ಹೋಗಿ.

ರೂಮಿನ ಬದುಕು

ಒಂದು ರೂಮಿನಲ್ಲಿ ಮೂವರು ನಾಲ್ವರು. ಬೂಟಿನ ವಾಸನೆ ಹೊರಗೇ ಇರಲಿ. ಜಗಳ ಬರೋದು ಮಂಗದ ವಿಷಯಕ್ಕಲ್ಲ, ಪಾತ್ರೆ ತೊಳೆಯುವ ಪಾಳಿಗೆ. ನೆಟ್‌ವರ್ಕ್ ಕೆಲವು ಕಡೆ ಸಿಗಲ್ಲ, ಮನೆಯವರಿಗೆ ಮೊದಲೇ ಹೇಳಿಡಿ. ವಾರದ ರಜೆಯಲ್ಲಿ ಮಲಗಿಬಿಡಿ. ಊರು ಸುತ್ತುತ್ತೇನೆ ಅಂತ ಹೊರಟವರು ಸೋಮವಾರ ಬೀಗ ಮರೆಯುತ್ತಾರೆ.

ಒಂದಲ್ಲ ಒಂದು ದಿನ ಸಾವು ನೋಡುತ್ತೀರಿ. ಕರೆಂಟ್ ತಗುಲಿ ಬಂದ ಗಂಡೊಂದು ಹತ್ತು ದಿನ ಬದುಕಿತ್ತು, ಹನ್ನೊಂದನೇ ದಿನದ ತಲೆ ಎಣಿಕೆಯಲ್ಲಿ ಒಂದು ಕಡಿಮೆ. ಅವತ್ತೂ ಏಳು ಗಂಟೆಗೆ ಹೀರೇಕಾಯಿ ಹೆಚ್ಚಬೇಕಿತ್ತು. ಹೆಚ್ಚಿದೆವು.

ಬಂದ ಮೇಲೆ

ಸರ್ಟಿಫಿಕೇಟ್ ಜೊತೆಗೆ ಒಂದು ಶಿಫಾರಸು ಪತ್ರವನ್ನೂ ಹೊರಡುವ ಮೊದಲೇ ಕೇಳಿ ತಗೊಳ್ಳಿ, ಆಮೇಲೆ ಮೇಲ್‌ಗೆ ಉತ್ತರ ಬರೋದು ಕಷ್ಟ. ಲಸಿಕೆ ಕಾರ್ಡ್ ಜೋಪಾನ. ಮುಂದೆ ಈ ದಾರಿಯಲ್ಲೇ ಹೋಗಬೇಕು ಅನ್ನಿಸಿದರೆ ಪಶುವೈದ್ಯಕೀಯಕ್ಕೆ ನಮ್ಮ ಭಾಗದಲ್ಲೇ ಬೀದರ್ ಇದೆ. ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯಕ್ಕೆ ಹೋದರೆ ಈಗ ಪ್ರಾಣಿ ಬಿಟ್ಟು ಕೀಪರ್‌ಗಳನ್ನೇ ನೋಡುತ್ತಾ ನಿಲ್ಲುತ್ತೇನೆ. ಅವರು ಬೀಗ ಎಳೆದು ನೋಡಿದರೆ ಖುಷಿ.

ಗಾಯಗೊಂಡ ಮಂಗ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಮನೆಗೆ ತರಬೇಡಿ. ಸುತ್ತ ಜನ ಸೇರದಂತೆ ನೋಡಿಕೊಂಡರೆ ಅದೇ ದೊಡ್ಡ ಉಪಕಾರ.

ಅಂಜನಾದ್ರಿಗೆ ಈಗಲೂ ಹೋಗುತ್ತೇನೆ, ಬರಿಗೈಯಲ್ಲಿ. ಮನೆಯಲ್ಲಿ ಅವ್ವ ಮಾಳಿಗೆ ಮೇಲೆ ಶೇಂಗಾ ಒಣಹಾಕಿದ ದಿನ ಕೋಲು ಕೈಗೆ ಕೊಟ್ಟು ನನ್ನನ್ನೇ ಕೂರಿಸುತ್ತಾಳೆ. "ಮೂರು ತಿಂಗಳು ಕಲ್ತು ಬಂದೀಯಲ್ಲ, ಕಾಯಿ."